ಮೊದಲು ಚಿತ್ರ, ಆಮೇಲೆ ಔಷಧ

ಮಾಗಡಿಯ ಬಡ ರೈತನೊಬ್ಬನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ತಗುಲಿ ಮೈಯಲ್ಲೆಲ್ಲ ಹರಡಿದರೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳೇ ಅವನಿಗೆ ಗತಿ. ರೋಗದ ಜೀವಕೋಶಗಳನ್ನೇ ಹುಡುಕಿಕೊಂಡು ಹೋಗಿ ಅಲ್ಲಿಯೇ ವಿಕಿರಣ ಬೀರತಕ್ಕ ಲುಟೇಶಿಯಂ-177 ಎಂಬ ಔಷಧವು ಅಲ್ಲಿ ಈಗ ಬಳಕೆಗೆ ಬಂದಿದೆ. ಆದರೆ ಔಷಧವು ಅರಸುವ ಗುರುತು ಗೆಡ್ಡೆಯ ಮೇಲೆ ಇಲ್ಲದಿದ್ದರೆ ಹಣವೂ ಕಾಲವೂ ವ್ಯರ್ಥ. ಜೊಲ್ಲಿನ ಗ್ರಂಥಿಗಳಿಗೂ ಮೂಳೆಯ ಮಜ್ಜೆಗೂ ಆಗುವ ಹಾನಿಯೇ ಉಳಿಯುವ ಫಲ.

ಈ ಸಂದೇಹವನ್ನು ಪೆಟ್ ಚಿತ್ರಣವು ಮೊದಲೇ ಪರಿಹರಿಸುತ್ತದೆ. ಅದೇ ಗುರುತನ್ನು ಹಿಡಿಯತಕ್ಕ ವಸ್ತುವಿಗೆ ಗ್ಯಾಲಿಯಂ-68ನ್ನು ಸೇರಿಸಿ ರಕ್ತನಾಳಕ್ಕೆ ಕೊಟ್ಟರೆ, ಔಷಧವು ಎಲ್ಲಿ ನೆಲೆಸೀತೆಂಬುದು ಚಿತ್ರದಲ್ಲಿ ಬೆಳಗುತ್ತದೆ. ಹೀಗೆ ಆರಿಸಿದ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ‘ವಿಷನ್’ ಪರೀಕ್ಷೆಯಲ್ಲಿ, ಔಷಧ ಪಡೆದವರು ಮಧ್ಯಮ ಲೆಕ್ಕದಲ್ಲಿ 15.3 ತಿಂಗಳೂ ಉಳಿದವರು 11.3 ತಿಂಗಳೂ ಬದುಕಿದರು.

ಚಿತ್ರವೇ ಸರ್ವಸ್ವವೆಂದು ನಾವು ಹೇಳುವುದಿಲ್ಲ. ಗ್ಯಾಲಿಯಂ 68 ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಲುಟೇಶಿಯಂಗೆ ಆರೂವರೆ ದಿನಕ್ಕಿಂತಲೂ ಹೆಚ್ಚು ಬೇಕು. ಆದುದರಿಂದ ಒಂದು ಗಂಟೆಯ ಚಿತ್ರವು ಅನೇಕ ದಿನಗಳ ಲೆಕ್ಕವನ್ನು ಪೂರ್ತಿಯಾಗಿ ಹೇಳಲಾರದು. ಆದರೂ ಔಷಧವನ್ನು ಯಾರಿಗೆ ಕೊಡಬಾರದೆಂಬುದನ್ನು ಹೇಳುತ್ತದೆ. ಬಡವನಿಗೆ ಅದೇ ದೊಡ್ಡ ಉಪಕಾರ.

ಇಷ್ಟು ಅಲ್ಪಾಯುವಾದ ವಸ್ತುವನ್ನೂ ಅಷ್ಟು ಬೆಲೆಯ ಯಂತ್ರವನ್ನೂ ತಾಲ್ಲೂಕು ತಾಲ್ಲೂಕಿಗೆ ಒದಗಿಸುವುದು ಸುಲಭಸಾಧ್ಯವಲ್ಲ. ಮಾಗಡಿಯ ರೋಗಿಯೇ ಸುಮಾರು 50 ಕಿಲೋಮೀಟರ್ ಪ್ರಯಾಣ ಮಾಡಬೇಕು. ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಲುಟೇಶಿಯಂ ತಯಾರಿಸಬಲ್ಲ ದೇಶಕ್ಕೆ ಅವನ ಬಸ್ಸಿನ ಖರ್ಚು, ಚಿತ್ರದ ಖರ್ಚು ಭಾರವಾಗಲಾರದು. ಸರಕಾರದವರು ಚಿಕಿತ್ಸೆಗೆ ನೆರವಾಗುವಾಗ ಅದಕ್ಕೆ ದಾರಿ ತೋರುವ ಚಿತ್ರಕ್ಕೂ ನೆರವಾಗತಕ್ಕದ್ದು ನ್ಯಾಯ. ಅದರಿಂದ ಬೊಕ್ಕಸಕ್ಕೂ ಉಳಿತಾಯವೇ.