ಹೆಸರು ಅದೇ, ಗಾಡಿ ಮಾತ್ರ ನಮ್ಮದಲ್ಲ

ಹೋದ ತಿಂಗಳು ಗಾಡಿ ಶೋರೂಮಿಗೆ ಹೋಗಿ ಬರಿಗೈಲೆ ವಾಪಸ್ ಬಂದೆ. ಅವತ್ತಿಂದ ಓಣ್ಯಾಗ ಎಲ್ಲಾರೂ ಕೇಳೂದೇ ಕೇಳೂದು, "ವೈನಿ, ಹೊಸಾ ಕಾರ್ ಯಾವಾಗ ಬರ್ತದ್ರೀ? ಪೇಢೆ ಯಾವಾಗ ಕೊಡ್ತೀರಿ?" ಅಂತ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗೇದ. ಅದಕ್ಕ ಇಲ್ಲೇ ಬರದು ಬಿಡ್ತೀನಿ. ಪೇಢೆ ಸದ್ಯಕ್ಕಿಲ್ಲ.

ನನ್ನ ಕೆಂಪು ಗಾಡಿ ನಿಮಗೆಲ್ಲಾರಿಗೂ ಗೊತ್ತೇ ಅದ. ಕಂಪನಿ ಹೆಸರು ಬರಿಯೂದಿಲ್ಲ, ಜಗಳ ಹಚ್ಚೂದು ನನ್ನ ಉದ್ದೇಶ ಅಲ್ಲ. ಮೊದಲನೇದು 2006ರಾಗ ತಗೊಂಡಿದ್ವಿ, ಎರಡನೇದು 2014ರಾಗ. ಎರಡಕ್ಕೂ ಒಂದೇ ಹೆಸರು, ಎರಡೂ ಕೆಂಪು. ನಮ್ಮ ಮನಿಯವರಿಗೆ ಸ್ಕೂಟರ್ ಬಿಟ್ಟು ಬ್ಯಾರೆ ಏನೂ ಹೊಡಿಲಿಕ್ಕೆ ಬರೂದಿಲ್ಲ, ಕಲೀಬೇಕನ್ನೂ ಆಶಾನೂ ಇಲ್ಲ. ಹಿಂಗಾಗಿ ಹತ್ತೊಂಬತ್ತು ವರ್ಷದಿಂದ ನಮ್ಮ ಮನಿ ಡ್ರೈವರ್ ನಾನೇ. ಮದವಿ, ಮುಂಜಿವಿ, ಮಗನ ಹಾಸ್ಟೆಲ್ಲು, ಅತ್ತಿಯವರ ದವಾಖಾನಿ, ಎಲ್ಲಾ ಆ ಗಾಡ್ಯಾಗೇ ಆಗ್ಯಾವ.

ಇಂಥಾ ಗಾಡಿಗೆ ಹಾಟ್ ಹ್ಯಾಚ್ ಅಂತಾರ. ಹಿಂದಿನ ಬಾಗಲಾ ಮ್ಯಾಲಕ್ಕ ತೆರಿಯೂ ಸಣ್ಣ ಕಾರು, ಆದ್ರ ಒಳಗ ಜೋರಿನ ಎಂಜಿನ್ನು. ಸಾದಾ ಇಳಕಲ್ ಸೀರಿ ಉಟಗೊಂಡು ಕಬಡ್ಡಿ ಆಡೂ ಹುಡುಗಿ ಇದ್ದಂಗ. ಸಂತಿಗೆ ಹೋದ್ರ ಕಾಯಿಪಲ್ಯಾದ ಚೀಲ ಹಿಡಸ್ತದ, ಅರಬೈಲ್ ಘಟ್ಟ ಹತ್ತಬೇಕಂದ್ರ ಮೂರನೇ ಗೇರಿನ್ಯಾಗ ನಗನಗತಾ ಹತ್ತತದ.

ಈ ಜಾತಿ ಗಾಡಿಗೆ ದೊಡ್ಡ ಹೆಸರು ತಂದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಗಾಲ್ಫ್ ಜಿಟಿಐ. 1976ರಾಗ ಮಾರಾಟಕ್ಕ ಬಂತು. 1.6 ಲೀಟರ್ ಎಂಜಿನ್ನು, 110 ಕುದುರೆ ಶಕ್ತಿ. ಕಂಪನಿಯವರು ಒಂದು 5,000 ಗಾಡಿ ಮಾಡೂಣು ಅಂತ ಲೆಕ್ಕಾ ಹಾಕಿದ್ರಂತ, ಆದ್ರ ಜನ ಮುಗಿಬಿದ್ದು ತಗೊಂಡ್ರು. ಅದರೊಳಗ ನಮಗ ಬೇಕಾದ ಸುದ್ದಿ ಒಂದದ. ಆ ಗಾಡಿ ಸೀಟಿಗೆ ಚೌಕಳಿ ಬಟ್ಟಿ ಹಾಕಿಸಿದಾಕಿ, ಗೇರಿನ ತಲಿಗೆ ಗಾಲ್ಫ್ ಚೆಂಡಿನಂಥಾ ಗುಂಡು ಇಡಿಸಿದಾಕಿ ಒಬ್ಬಾಕಿ ಹೆಣ್ಣಮಗಳು, ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಅಂತ. ಕಂಪನಿ ಸೇರೂಕಿಂತ ಮೊದಲ ಆಕಿ ಪಿಂಗಾಣಿ ಮ್ಯಾಲ ಚಿತ್ರ ತಗೀತಿದ್ಲು, ಚಾಕಲೇಟ್ ಡಬ್ಬಿ ಡಿಸೈನ್ ಮಾಡ್ತಿದ್ಲು. ಮುಟ್ಟಿದ್ರ ಕೈಗೆ ಹೆಂಗನಸ್ತದ ಅನ್ನೂದು ಅಂಥಾಕಿಗೆ ತಿಳದಿತ್ತು. ನನ್ನ ಇವತ್ತಿನ ತಕರಾರೂ ಕೈದೇ ಅದ.

ಈಗ ಶೋರೂಮಿನ ಮಾತಿಗೆ ಬರ್ತೀನಿ. ನನ್ನ ಗಾಡಿ ಹೆಸರಿನ ಹೊಸಾ ಅವತಾರ ಬಂದದ ಅಂತ ಕೇಳಿ, ರೊಕ್ಕಾ ಹೊಂದಿಸಿಕೊಂಡೇ ಹೋಗಿದ್ವಿ. ಹೊರಗಿಂದ ನೋಡಿದ್ರ ಕಣ್ಣು ಕುಕ್ಕತದ, ಸುಳ್ಳ್ಯಾಕ ಹೇಳಲಿ. ಅಲ್ಲಿ ಹುಡುಗ ಸೀದಾ ನಮ್ಮ ಮನಿಯವರ ಕಡೆ ತಿರುಗಿ, "ಸರ್, ಮೇಡಮ್ಮಗ ಆಟೊಮ್ಯಾಟಿಕ್ ಭಾಳ ಅನುಕೂಲ ಆಗ್ತದ ನೋಡ್ರಿ" ಅಂದ. ಇವರು ಮೀಸಿಯೊಳಗ ನಕ್ಕು, "ನನ್ನ ಏನ್ ಕೇಳ್ತಿಯೋ ತಮ್ಮಾ, ನಾ ಬಾಜೂಕ ಕೂಡಾಂವ" ಅಂದ್ರು.

ಮೊದಲಿನ ನಾಕು ಸಿಲಿಂಡರಿನ ಎಂಜಿನ್ ಹೋಗಿ ಮೂರು ಸಿಲಿಂಡರಿಂದು ಬಂದದ. ಮೈಲೇಜ್ ಜಾಸ್ತಿ ಅಂತ ಹೇಳಿದ್ರು. ಬರಲಿ, ಪೆಟ್ರೋಲಿನ ರೇಟು ನಮಗೂ ಗೊತ್ತದ. ಆದ್ರ ಜೋರಿನ ಎಂಜಿನ್ ಬೇಕಂದ್ರ ಗೇರು ಹಾಕೂ ಗಾಡಿ ಸಿಗೂದಿಲ್ಲ, ಆಟೊಮ್ಯಾಟಿಕ್ಕೇ ತಗೋಬೇಕು. ಗೇರು ಬೇಕಂದ್ರ ಸಣ್ಣ ಎಂಜಿನ್ನು. ಅಂದ್ರ ಹುರಣ ಬೇಕಂದ್ರ ಕಣಕ ಇಲ್ಲ, ಕಣಕ ಬೇಕಂದ್ರ ಹುರಣ ಇಲ್ಲ. ಹೋಳಿಗಿ ಯಾವಾಗ ಮಾಡೂದು?

ಅದನ್ನೂ ಸೋಸಿಕೊಳ್ತಿದ್ದೆ. ಸೋಸಲಾರದ್ದು ಮುಂದದ. ಡ್ಯಾಶ್‌ಬೋರ್ಡಿನ್ಯಾಗ ಒಂದು ನಾಬ್ ಇಲ್ಲ. ಎಸಿ ಹೆಚ್ಚು ಕಡಿಮಿ ಮಾಡೂದು, ಗಾಜಿನ ಮಂಜು ತಗಿಯೂದು, ರೇಡಿಯೊ, ಎಲ್ಲಾ ನಡಬರಕ ಕೂಡಿಸಿದ ಟಿವಿಯಂಥಾ ಪರದಾದಾಗ. ಹುಡುಗ ಅಂದ, "ಆಂಟಿ, ಇಲ್ಲೆ ಮುಟ್ಟ್ರಿ, ಆಮ್ಯಾಲ ಇದರೊಳಗ ಹೋಗ್ರಿ, ಆಮ್ಯಾಲ ಈ ಚಿತ್ರ ಒತ್ತ್ರಿ." ನಿಂತ ಗಾಡ್ಯಾಗ ಎಲ್ಲಾ ಸುರಳೀತ ಬಂತು. ರಸ್ತೆಕ್ಕ ಇಳದು ಒಂದು ತಗ್ಗು ಹಾರಿದ ಕೂಡ್ಲೇ ಬಟ್ಟು ಜಾರಿ ಬ್ಯಾರೆ ಕಡೆ ಬಿತ್ತು, ಎಸಿ ಬದಲಿ ಹಾಡು ಸುರು ಆತು.

ಮತ್ತ ನನಗ ಐವತ್ನಾಕು ವರ್ಷ. ರಸ್ತೆ ಕಾಣಲಿಕ್ಕೆ ಚಾಳೀಸ ಬ್ಯಾಡ, ಪರದಾ ಮ್ಯಾಲಿನ ಸಣ್ಣ ಅಕ್ಷರ ಓದಲಿಕ್ಕೆ ಬೇಕು. ನಮ್ಮ ವಯಸ್ಸಿನವರಿಗೆಲ್ಲಾ ಇದು ಇದ್ದದ್ದೇ. ನಾಬ್ ಇದ್ರ ಅಕ್ಷರ ಓದೂದೇ ಬ್ಯಾಡ, ಕೈಗೇ ತಿಳೀತದ. ಪರದಾ ನೋಡಬೇಕಂದ್ರ ಕುತ್ತಿಗಿ ಕೆಳಗ ಮಾಡಿ, ಕಣ್ಣು ಸಣ್ಣ ಮಾಡಿ, ರಸ್ತೆ ಬಿಟ್ಟು ಅದನ್ನ ನೋಡಬೇಕು. ಅಷ್ಟರಾಗ ಮುಂದ ಎಮ್ಮಿ ಬಂದ್ರ?

"ಇಷ್ಟಕ್ಕ ಯಾಕ ಅಷ್ಟು ಸಿಟ್ಟು" ಅಂತ ನಮ್ಮ ತಂಗಿನೂ ಕೇಳಿದ್ಲು. ಆಕಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. 2019ರ ಆಗಸ್ಟ್ ಮಳಿ ನೆನಪದ ಅಲ್ಲ? ಕೆರಿ ಕಟ್ಟಿ ಎಲ್ಲಾ ತುಂಬಿ ಹರದಿದ್ದು. ಅಂಥಾದೊಂದು ರಾತ್ರಿ ಒಂದೂವರಿಗೆ ಇವರಿಗೆ ಎದಿ ನೋವು ಬಂತು. ಆಂಬುಲೆನ್ಸಿಗೆ ಫೋನ್ ಹಚ್ಚಿದ್ರ ಬರಲಿಕ್ಕೆ ತಡಾ ಆಗ್ತದ ಅಂದ್ರು. ಇವರನ್ನ ಬಾಜೂಕ ಕೂಡಿಸಿಕೊಂಡು ಧಾರವಾಡದಿಂದ ಹುಬ್ಬಳ್ಳಿಗೆ ಗಾಡಿ ಬಿಟ್ಟೆ. ನವಲೂರು ದಾಟೂದ್ರಾಗ ಗಾಜಿನ ತುಂಬ ಮಂಜು ಹಿಡದು ಎದರಿಗಿಂದು ಏನೂ ಕಾಣವಲ್ಲದು. ಒಂದು ಕೈ ಸ್ಟೇರಿಂಗಿನ ಮ್ಯಾಲ, ಇನ್ನೊಂದು ಕೈ ತಾನ ಹೋಗಿ ನಾಬ್ ತಿರುವಿತು. ನಾ ಅದನ್ನ ನೋಡಲೂ ಇಲ್ಲ, ವಿಚಾರನೂ ಮಾಡಲಿಲ್ಲ. ಗಾಜು ತಿಳಿ ಆತು, ನಾವು ಮುಟ್ಟಿದ್ವಿ. ಡಾಕ್ಟರು ಇವರಿಗೆ ಸ್ಟೆಂಟ್ ಹಾಕಿದ್ರು. ಇವತ್ತು ಇವರು ಪೇಪರ್ ಓದಕೋತ ಚಹಾ ಕೇಳ್ತಾರ. ಅವತ್ತು ಆ ನಾಬಿನ ಜಾಗಾದಾಗ ಪರದಾ ಇದ್ದಿದ್ರ ಏನಾಗ್ತಿತ್ತು ಅನ್ನೂದು ಶೋರೂಮಿನ್ಯಾಗ ಕೂತಾಗ ತಲ್ಯಾಗ ಬಂತು. ಬಂದದ್ದು ಹೋಗವಲ್ಲದು.

ಮಗ ಅಂತಾನ, "ಅವ್ವಾ, ಇದೆಲ್ಲಾ ರೂಢಿ ಪ್ರಶ್ನೆ. ಮೊಬೈಲ್ ಕಲಿಲಿಲ್ಲೇನು ನೀ?" ಕಲತೀನಿ. ಆದ್ರ ಮೊಬೈಲ್ ನೋಡೂವಾಗ ನಾ ಅರವತ್ತರ ಸ್ಪೀಡಿನ್ಯಾಗ ಓಡತಿರೂದಿಲ್ಲ. "ಮಾತಿಲೆ ಹೇಳಿದ್ರ ಗಾಡಿ ಕೇಳ್ತದ" ಅಂದ. ಅದೂ ನೋಡಿದೆ. "ಗಾಜು ಸ್ವಚ್ಛ ಮಾಡು" ಅಂದ್ರ ಯಾರಿಗೆ ಫೋನ್ ಹಚ್ಚಲಿ ಅಂತ ಇಂಗ್ಲಿಷಿನ್ಯಾಗ ಕೇಳ್ತು.

ಇದು ನನ್ನೊಬ್ಬಾಕಿ ಹಳೇ ಕಾಲದ ಹಟ ಅಲ್ಲ ಅನ್ನೂದಕ್ಕ ಲೆಕ್ಕಾನೂ ಅದ. 2022ರಾಗ ಸ್ವೀಡನ್ನಿನ ವಿ ಬಿಲ್‌ಆಗರೆ ಅನ್ನೂ ಗಾಡಿ ಪತ್ರಿಕೆಯವರು ಒಂದು ಪರೀಕ್ಷಾ ಮಾಡಿದ್ರು. ಹನ್ನೊಂದು ಹೊಸಾ ಗಾಡಿ, ಜೋಡಿಗೆ 2005ರ ಒಂದು ಹಳೇ ವೋಲ್ವೊ. ತಾಸಿಗೆ 110 ಕಿಲೋಮೀಟರಿನ ಸ್ಪೀಡಿನ್ಯಾಗ ಸೀಟು ಕಾಸೂದು, ರೇಡಿಯೊ ಹಚ್ಚೂದು, ಇಂಥಾ ನಾಕು ಕೆಲಸ ಮಾಡಬೇಕು. ಗಾಡಿ ರೂಢಿ ಮಾಡಿಕೊಳ್ಳಲಿಕ್ಕೆ ಮೊದಲ ವ್ಯಾಳ್ಯಾನೂ ಕೊಟ್ಟಿದ್ರು. ಬಟನ್ ಇದ್ದ ಹಳೇ ಗಾಡ್ಯಾಗ ಹತ್ತು ಸೆಕೆಂಡಿನ್ಯಾಗ ಮುಗೀತು. ಎಲ್ಲಾಕಿಂತ ಹಿಂದ ಬಿದ್ದ ಹೊಸಾ ಗಾಡಿಗೆ 44.6 ಸೆಕೆಂಡ್ ಹಿಡೀತು. ಅಷ್ಟರಾಗ ಆ ಗಾಡಿ ಒಂದು ಕಿಲೋಮೀಟರಿಗಿಂತ ಹೆಚ್ಚು ಓಡಿತ್ತು. ಡ್ರೈವರನ ಧ್ಯಾನ ಎಲ್ಲಿತ್ತು ಅಂತ ನೀವೇ ವಿಚಾರ ಮಾಡ್ರಿ.

ನಾ ಮ್ಯಾಲ ಹೇಳಿದ ಗಾಲ್ಫಿನ ಕಥಿನೂ ಹಂಗೇ ಆತು. ಎಂಟನೇ ಪೀಳಿಗಿ ಬಂದಾಗ ಸ್ಟೇರಿಂಗಿನ ಬಟನ್ ತಗದು ಮುಟ್ಟೂ ಪಟ್ಟಿ ಇಟ್ರು. ಧ್ವನಿ ಮತ್ತು ಎಸಿ ಹೆಚ್ಚು ಕಡಿಮಿ ಮಾಡೂ ಪಟ್ಟಿಗೆ ರಾತ್ರಿ ಬೆಳಕೂ ಇರಲಿಲ್ಲ. ವರ್ಷಾನುಗಟ್ಟಲೆ ಅದನ್ನೇ ನಂಬಿಕೊಂಡು ಬಂದ ಗಿರಾಕಿಗಳು ಬೈದ್ರು. ಕಡೀಕ 2024ರ ತಿದ್ದುಪಡಿಯೊಳಗ ಸ್ಟೇರಿಂಗಿಗೆ ಖರೇ ಬಟನ್ ವಾಪಸ್ ಬಂದ್ವು, ಪಟ್ಟಿಗೂ ಬೆಳಕು ಬಂತು. ಅದೇ ಗಾಡಿ 2025ರಾಗ ನಮ್ಮ ದೇಶಕ್ಕೂ ಬಂತು, ಆವಾಗ ರೇಟು ಸುಮಾರು 53 ಲಕ್ಷ ಇತ್ತು. ನಾವು ದೂರಿಂದ ಕೈ ಮುಗಿಯೂದು! ಆದ್ರ ಒಂದು ಕೊಟ್ಟು ಇನ್ನೊಂದು ಕಸಗೊಂಡಾರ, ಆ ತಿದ್ದುಪಡಿಯೊಳಗ ಜಿಟಿಐಗೆ ಕೈಗೇರೇ ಇಲ್ಲ. ಗುನ್‌ಹಿಲ್ಡಬಾಯಿ ಇಡಿಸಿದ ಗಾಲ್ಫ್ ಚೆಂಡಿಗೆ ಕೂಡ್ಲಿಕ್ಕೆ ಜಾಗಾನೇ ಉಳೀಲಿಲ್ಲ. ಇನ್ನ ಯೂರೋಪಿನ ಗಾಡಿಗಳಿಗೆ ಸುರಕ್ಷಾ ಸ್ಟಾರ್ ಕೊಡೂ ಯೂರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್‌ನಂಥಾ ಮುಖ್ಯ ಕೆಲಸಕ್ಕ ಖರೇ ಬಟನ್ ಇಲ್ಲಂದ್ರ ಮಾರ್ಕ್ಸ್ ಕಡಿಮಿ ಅಂತ ಹೇಳ್ಯಾರ. ಅಂದ್ರ ತಿಳದವರಿಗೂ ತಿಳಕೊಂಡದ.

ಹಂಗಾದ್ರ ಬಟನ್ ಯಾಕ ತಗೀತಾರ? ಒಂದೊಂದು ಬಟನ್ನಿಗೂ ಅಚ್ಚು ಮಾಡಬೇಕು, ವೈರ್ ಎಳೀಬೇಕು, ಕೂಡಿಸಬೇಕು. ಒಂದು ಪರದಾ ಹಚ್ಚಿಬಿಟ್ರ ಖರ್ಚು ಉಳೀತದ. ಉಳಸ್ಲಿ ಬಿಡ್ರಿ, ನಾವೂ ಸಂಸಾರದಾಗ ಉಳಸ್ತೀವಿ. ಆದ್ರ ಉಳಿತಾಯ ಮಾಡಿದ್ದನ್ನ ಸುಧಾರಣಾ ಅಂತ ಹೆಸರಿಟ್ಟು, ನಮ್ಮ ಹತ್ರನೇ ಎರಡು ಲಕ್ಷ ಜಾಸ್ತಿ ಕೇಳೂದು ಯಾವ ನ್ಯಾಯ?

ನಮ್ಮ ಅಡಗಿಮನಿ ನೋಡ್ರಿ. ಕರೆಂಟ್ ಹೋದ್ರೂ ಜೀರಗಿ ಡಬ್ಬಿ, ಸಾಸವಿ ಡಬ್ಬಿ ಕೈಗೆ ಬರ್ತಾವ. ಗ್ಯಾಸಿನ ನಾಬ್ ಎಷ್ಟು ತಿರುವಿದ್ರ ಹಾಲು ಉಕ್ಕೂದಿಲ್ಲ ಅಂತ ಕೈಗೆ ಗೊತ್ತದ. ಇಂಡಕ್ಷನ್ ಒಲಿ ತಂದು, ಹಸಿ ಕೈಲೆ ಒತ್ತಿ ಒತ್ತಿ ಸಿಟ್ಟಿಗೆದ್ದವರು ನಮ್ಮ ಓಣ್ಯಾಗ ಎಷ್ಟು ಮಂದಿ ಇಲ್ಲ? ಕೈ ಕಲತದ್ದು ವಿದ್ಯಾನೇ. ಅದನ್ನ ಹಳೇದು ಅಂತ ಬಗಿಯೂದು ತಪ್ಪು.

ಹಂಗಂತ ಹೊಸಾದೆಲ್ಲಾ ಕೆಟ್ಟದ್ದು ಅಂತ ನಾ ಅನ್ನೂದಿಲ್ಲ. ಹೊಸಾ ಗಾಡ್ಯಾಗ ಆರು ಏರ್‌ಬ್ಯಾಗ್ ಅವ, ನನ್ನ ಗಾಡ್ಯಾಗ ಎರಡೇ. ಹಸಿ ರಸ್ತೆದಾಗ ಜಾರಲಾರದಂಗ ತಡಿಯೂ ವ್ಯವಸ್ಥಾ ಅದ, ಹಿಂದ ಕ್ಯಾಮೆರಾ ಅದ. ಆರು ಏರ್‌ಬ್ಯಾಗಿನ ಮಾತು ನನ್ನನ್ನೂ ಎರಡು ದಿನ ಕಾಡಿತು. ನಮ್ಮ ಅಕ್ಕಗ ಮಣಕಾಲು ನೋವು, ಆಕಿಗೆ ಆಟೊಮ್ಯಾಟಿಕ್ ಅಂದ್ರ ವರಾನೇ. ಇವನ್ನೆಲ್ಲಾ ಕೊಡಲಿ, ಕೊಡಲೇಬೇಕು. ಏರ್‌ಬ್ಯಾಗ್ ಇಡಲಿಕ್ಕೆ ಎಸಿ ನಾಬ್ ಕಿತ್ತಬೇಕಂತ ಯಾವ ಶಾಸ್ತ್ರದಾಗೂ ಬರದಿಲ್ಲ ಅನ್ನೂದಷ್ಟೇ ನನ್ನ ವಾದ.

ಕಡೀಕ ನಾ ಮಾಡಿದ್ದಿಷ್ಟು. ಹಳೇ ಗಾಡಿಗೆ ಕ್ಲಚ್ ಪ್ಲೇಟ್ ಹಾಕಿಸಿದೆ, ನಾಕೂ ಟೈರ್ ಹೊಸಾವು ಹಾಕಿಸಿದೆ, ಬ್ರೇಕ್ ನೋಡಿಸಿದೆ. ನೋಂದಣಿ 2029ರ ತನಕ ಅದ, ಆಮ್ಯಾಲ ನೋಡೂಣು. ಮತ್ತ ಆ ಕಂಪನಿಗೆ ಒಂದು ಕಾಗದ ಬರದೀನಿ, ಎರಡು ಗಾಡಿ ತಗೊಂಡಾಕಿ ಮೂರನೇದು ಯಾಕ ತಗೊಳ್ಳಿಲ್ಲ ಅಂತ. ಉತ್ತರ ಬಂದಿಲ್ಲ. ಆದ್ರ ನಾವು ಹೇಳದಿದ್ರ ಅವರಿಗೆ ಗೊತ್ತಾಗೂದು ಹೆಂಗ?

ನಿಮ್ಮೊಳಗ ಯಾರರೆ ಗಾಡಿ ತಗೊಳ್ಳಾವ್ರಿದ್ರ ಒಂದು ಮಾತು ಕೇಳ್ರಿ. ಬಣ್ಣಾ ನೋಡಿ ಮುಂಗಡ ಕೊಡಬ್ಯಾಡ್ರಿ. ಹೊಡಿಯೂ ಸೀಟಿನ್ಯಾಗ ನೀವೇ ಕೂಡ್ರಿ, ಗಾಡಿ ಹೊಡಿಯೂವಾಗ ಹಾಕೂ ಚಾಳೀಸನೇ ಹಾಕ್ಕೋರಿ, ಸಂಜೀ ಕತ್ತಲಾದ ಮ್ಯಾಲ ಒಂದು ಸುತ್ತು ಕೇಳ್ರಿ. ಗಾಜಿನ ಮಂಜು ತಗಿಯೂದು, ವೈಪರ್, ಲೈಟು, ನಾಕೂ ಇಂಡಿಕೇಟರ್ ಕೂಡೇ ಹಚ್ಚೂದು, ಈ ನಾಕು ಕೆಲಸ ಕಣ್ಣು ರಸ್ತೆದಾಗ ಇಟಗೊಂಡೇ ಮಾಡಲಿಕ್ಕೆ ಬರ್ತದೋ ಇಲ್ಲೋ ನೋಡ್ರಿ. ಬರಲಿಲ್ಲಂದ್ರ ಎದ್ದು ಬರ್ರಿ. ಯಾಕಂತ ಕೇಳಿದ್ರ ಮುಖದ ಮ್ಯಾಲೇ ಹೇಳ್ರಿ, ಸಂಕೋಚ ಬ್ಯಾಡ.

ಆ ನಾಬ್ ವಾಪಸ್ ಬಂದ ದಿನಾ ನಾನೇ ಮನಿಮನಿಗೆ ಬಂದು ಪೇಢೆ ಕೊಡ್ತೀನಿ. ಅಲ್ಲೀ ತನಕ ಕೆಂಪು ಗಾಡಿ ಬಾಗಲದಾಗೇ ಅದ. ರಾತ್ರಿ ಎಷ್ಟೊತ್ತಿಗೆ ಬೇಕಾದ್ರೂ ಕರೀರಿ, ಬರ್ತೀನಿ.