ಹಸಿರು ಗುರುತನ್ನು ನಂಬಿ

ಈ ತಿಂಗಳು ಗಣಕಯಂತ್ರದ ಪರದೆಯ ಮೇಲಿನ ಒಂದು ಸಣ್ಣ ಗುರುತನ್ನು ಕುರಿತು ಬರೆಯುತ್ತಿದ್ದೇನೆ. ಇದೂ ಒಂದು ವಿಷಯವೇ ಎಂದು ಹುಬ್ಬೇರಿಸಬೇಡಿ. ಆ ಗುರುತಿನ ದೆಸೆಯಿಂದ ನಮ್ಮ ಮುತ್ಯಾನವರ ಧ್ವನಿಯೇ ಕೈತಪ್ಪುವುದರಲ್ಲಿತ್ತು. ಸ್ವಲ್ಪ ತಪ್ಪಿಯೂ ಹೋಯಿತು.

ಮುತ್ಯಾ ಕಮಲಾಪುರದ ಒಕ್ಕಲಿಗರು. ಸಂಜೆ ಲಿಂಗಪೂಜೆ ಮುಗಿದ ಮೇಲೆ ಏಕತಾರಿ ಹಿಡಿದು ವಚನ, ತತ್ತ್ವಪದಗಳನ್ನು ಹಾಡುತ್ತಿದ್ದರು. 1994ರಲ್ಲಿ ನಮ್ಮ ಅಣ್ಣನವರು ಅವರ 22 ಹಾಡುಗಳನ್ನು ಎರಡು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿಕೊಂಡರು. ಟೇಪು ಹಳತಾಗಿ ಅಂಟಿಕೊಳ್ಳತೊಡಗಿದಾಗ ಅವನ್ನು ಗಣಕಯಂತ್ರಕ್ಕೆ ಏರಿಸಿದೆವು. ಮನೆಮಂದಿಯೆಲ್ಲ ಕೇಳಲೆಂದು ‘ಕ್ಲೌಡ್’ ಎಂಬ ವ್ಯವಸ್ಥೆಯಲ್ಲಿಯೂ ಇರಿಸಿದೆವು. ಎಲ್ಲಿಯೋ ದೂರದಲ್ಲಿರುವ ದೊಡ್ಡ ಯಂತ್ರಗಳಲ್ಲಿ ನಮ್ಮ ಕಡತಗಳ ಪ್ರತಿಯಿರುತ್ತದೆ. ಕಲಬುರಗಿಯ ಮನೆಯ ಲ್ಯಾಪ್‌ಟಾಪ್, ಪುಣೆಯಲ್ಲಿರುವ ಅಣ್ಣನ ಮಗಳ ಲ್ಯಾಪ್‌ಟಾಪ್ ಎರಡರಲ್ಲೂ ಅದೇ ಕಡತಗಳು ಕಾಣುತ್ತವೆ.

ಪ್ರತಿ ಕಡತದ ಮಗ್ಗುಲಲ್ಲಿ ಒಂದು ಪುಟ್ಟ ಗುರುತು ಇರುತ್ತಿತ್ತು. ಹಸಿರು ವೃತ್ತದೊಳಗೆ ಸರಿ ಚಿಹ್ನೆಯಿದ್ದರೆ ಇಲ್ಲಿಯೂ ಇದೆ, ಅಲ್ಲಿಯೂ ಇದೆ ಎಂದರ್ಥ. ನೀಲಿ ಬಾಣಗಳು ಸುತ್ತುತ್ತಿದ್ದರೆ ಪ್ರತಿ ಇನ್ನೂ ಹೋಗುತ್ತಿದೆ ಎಂದರ್ಥ. ಎಂಬತ್ತು ದಾಟಿದ ನಮ್ಮ ಅವ್ವನಿಗೂ ಇದು ತಿಳಿದಿತ್ತು. ‘ಹಸರ್ ಅದಲ್ಲ, ಚಿಂತಿಲ್ಲ’ ಎನ್ನುತ್ತಿದ್ದಳು.

ಒಂದು ದಿನ ತಂತ್ರಾಂಶ ತಾನಾಗಿಯೇ ಹೊಸ ಆವೃತ್ತಿಗೆ ಬದಲಾಯಿತು. ಮರುದಿನ ಬಹಳಷ್ಟು ಕಡತಗಳ ಮುಂದೆ ನೀಲಿ ಗೆರೆಯ ಮೋಡ; ಕೆಲವಕ್ಕೆ ಹಸಿರು ಗೆರೆಯ ವೃತ್ತ; ಒಂದೆರಡಕ್ಕೆ ಪೂರ್ತಿ ಹಸಿರು ತುಂಬಿದ ವೃತ್ತ. ಮೋಡವೆಂದರೆ ಮೇಲೆ ಭದ್ರವಾಗಿದೆ ಎಂದು ನಾವು ಸಮಾಧಾನಪಟ್ಟುಕೊಂಡೆವು. ಅದರ ಅರ್ಥವೇ ಬೇರೆಯಿತ್ತು. ಮೋಡದ ಗುರುತಿನ ಕಡತ ನಿಮ್ಮ ಯಂತ್ರದಲ್ಲಿ ಇಲ್ಲವೇ ಇಲ್ಲ. ಇರುವುದು ಬರಿಯ ಹೆಸರು. ಒತ್ತಿದಾಗ ಇಂಟರ್ನೆಟ್ಟಿನ ಮೂಲಕ ದೂರದಿಂದ ಇಳಿದು ಬರಬೇಕು. ಹಸಿರು ಗೆರೆಯದು ಸದ್ಯಕ್ಕೆ ಇಲ್ಲಿದೆ. ಜಾಗ ಸಾಲದಾದಾಗ ಯಂತ್ರ ಅದನ್ನು ಮತ್ತೆ ಬರಿಯ ಹೆಸರಾಗಿಸಬಹುದು. ಹಸಿರು ತುಂಬಿದ್ದು ಮಾತ್ರ ಇಲ್ಲಿಯೇ ನೆಲೆಯಾಗಿರುತ್ತದೆ. ಕಣ್ಣಿಗೆ ಪೊರೆ ಬಂದವರು ಹಸಿರು ಗೆರೆಗೂ ಹಸಿರು ತುಂಬಿದ್ದಕ್ಕೂ ಇರುವ ಭೇದವನ್ನು ಹೇಗೆ ಕಾಣಬೇಕೋ ದೇವರೇ ಬಲ್ಲ.

ಒನ್‌ಡ್ರೈವ್ ಈ ಏರ್ಪಾಡನ್ನು 2017ರಲ್ಲಿ ವಿಂಡೋಸ್‌ಗೆ ತಂದಿತು. ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್‌ಗಳಲ್ಲಿಯೂ ಇಂಥದೇ ಇದೆ. ನಮ್ಮದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಏರ್ಪಾಡಿನ ಹಿಂದಿನ ಉದ್ದೇಶವನ್ನೂ ನಾನು ಹಳಿಯಲಾರೆ. ಸಣ್ಣ ಲ್ಯಾಪ್‌ಟಾಪುಗಳಲ್ಲಿ ಜಾಗ ಕಡಿಮೆ. ಎಲ್ಲವನ್ನೂ ಎಲ್ಲ ಯಂತ್ರಗಳಲ್ಲಿ ತುಂಬುವುದು ಆಗದ ಮಾತು. ನನ್ನ ತಕರಾರಿರುವುದು ಗುರುತಿನ ಬಗ್ಗೆ. ಜನ ವರ್ಷಗಟ್ಟಲೆ ನಂಬಿದ ಹಸಿರು ಬಣ್ಣವನ್ನೇ ಉಳಿಸಿಕೊಂಡು ಅದರ ಅರ್ಥವನ್ನು ರಾತ್ರೋರಾತ್ರಿ ಬದಲಿಸಿದ್ದು ಸರಿಯೇ?

ನಮ್ಮ ಕಲಬುರಗಿ ಸೀಮೆಯ ಹಿರಿಯರು ಇದಕ್ಕಿಂತ ದೊಡ್ಡ ಬದಲಾವಣೆಗಳನ್ನು ಕಂಡವರು. ನಿಜಾಮರ ಹಾಲಿ ಸಿಕ್ಕಾ ಮತ್ತು ಕಲದಾರ ರೂಪಾಯಿ ಇಲ್ಲಿನ ಪೇಟೆಯಲ್ಲಿ ಜೊತೆಜೊತೆಗೇ ನಡೆದವು. ಏಳು ಹಾಲಿಗೆ ಆರು ಕಲದಾರವೆಂಬ ಲೆಕ್ಕ ಸಂತೆಗೆ ಹೋಗುವ ಹೆಣ್ಣುಮಕ್ಕಳ ಬಾಯಲ್ಲಿಯೂ ಇತ್ತು. ಹಾಲಿ ಸಿಕ್ಕಾ ಪೂರ್ತಿಯಾಗಿ ನಿಂತದ್ದು 1959ರಲ್ಲಿ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಾಗ ಸರ್ಕಾರ ಅದನ್ನು ಬರಿಯ ಪೈಸೆ ಎನ್ನಲಿಲ್ಲ. ‘ನಯಾ ಪೈಸೆ’ ಎಂದು ಕರೆಯಿತು. ಹಳೆಯ ಪೈಸೆ ರೂಪಾಯಿಗೆ 64, ಹೊಸದು 100. ಜನ ಎರಡನ್ನೂ ಕಲಸಿಕೊಳ್ಳಬಾರದೆಂದು ಆ ‘ನಯಾ’ ಎಂಬ ಮಾತನ್ನು 1964ರ ಜೂನ್‌ವರೆಗೆ, ಏಳು ವರ್ಷಗಳ ಕಾಲ, ನಾಣ್ಯದ ಮೇಲೆ ಉಳಿಸಿಕೊಂಡರು. ತಂತ್ರಾಂಶದವರು ನಮಗೆ ಏಳು ದಿನವನ್ನಾದರೂ ಕೊಡಬಹುದಿತ್ತು.

ಕಳೆದ ಶ್ರಾವಣದಲ್ಲಿ ಕಮಲಾಪುರದ ಹೊಲದ ಮನೆಯಲ್ಲಿ ಮುತ್ಯಾನವರ ಪುಣ್ಯಸ್ಮರಣೆಯಿತ್ತು. ಬಂಧುಗಳು ನೆರೆದಿದ್ದರು. ಪ್ರಸಾದಕ್ಕೆ ಆ ಊರಿನ ಕೆಂಪು ಬಾಳೆಹಣ್ಣಿನ ಬುಟ್ಟಿಗಳು ಬಂದಿದ್ದವು. (ಕೆಂಪು ಬಾಳೆ ಕಾಯಾಗಿದ್ದಾಗಲೇ ಕೆಂಪಗಿರುತ್ತದೆ. ಹೊಸಬರು ಬಣ್ಣ ನೋಡಿ ಕೊಂಡು ಮೋಸಹೋಗುತ್ತಾರೆ; ಊರವರು ಬೆರಳಿನಿಂದ ಒತ್ತಿ ನೋಡುತ್ತಾರೆ.) ಅನುಭಾವ ಗೋಷ್ಠಿ ಮುಗಿದು, ಮುತ್ಯಾನ ಹಾಡು ಕೇಳೋಣವೆಂದು ಎಲ್ಲರೂ ಸುಮ್ಮನಾದರು. ಹೊರಗೆ ಮಳೆ; ನೆಟ್‌ವರ್ಕ್ ಇಲ್ಲ. ನಾನು ಹಾಡಿನ ಹೆಸರನ್ನು ಒತ್ತಿದೆ. ಏನೂ ಬರಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಒತ್ತಿದೆ. ಪರದೆಯ ಮೇಲೆ ಮೋಡಗಳ ಸಾಲು. ಅವ್ವ ಸೆರಗು ಹೊದ್ದು ಕೈಮುಗಿದು ಕುಳಿತೇ ಇದ್ದಳು.

ಕಲಬುರಗಿಗೆ ಮರಳಿ ಇಂಟರ್ನೆಟ್ ಸಿಕ್ಕ ಮೇಲೆ ಹಾಡುಗಳು ತೆರೆದುಕೊಂಡವು. ಎಣಿಸಿದರೆ 19. ಪುಣೆಗೆ ಫೋನು ಮಾಡಿದೆ.

‘ಕಾಕಾ, ನನ್ನ ಲ್ಯಾಪ್‌ಟಾಪ್ ತುಂಬಿತ್ತು. ಮೋಡದ ಗುರ್ತು ಇತ್ತಲ್ಲ, ಮ್ಯಾಲ ಭದ್ರ ಇರ್ತಾವ ಅಂತ ತಿಳ್ಕೊಂಡು ನನ್ನ ಕಡಿಂದ ಮೂರು ತೆಗದೀನ್ರಿ’ ಎಂದಳು ಹುಡುಗಿ.

ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುವುದು ಈ ವ್ಯವಸ್ಥೆಯ ನಿಯಮ. ಮೋಡದ ಗುರುತಿನ ಕಡತ ಅವಳ ಯಂತ್ರದಲ್ಲಿ ಜಾಗವನ್ನೇ ತಿಂದಿರಲಿಲ್ಲವಾದ್ದರಿಂದ ಅಳಿಸಿ ಗಳಿಸಿದ್ದೂ ಏನಿಲ್ಲ. ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಅವಳು ಅಳಿಸಿ 40 ದಿನ ಕಳೆದಿದ್ದವು. ಅವಳು ಅತ್ತಳು. ನಾನು ಬೈಯಲಿಲ್ಲ, ಏಕೆಂದರೆ ನಾನೂ ಅದೇ ಅರ್ಥವನ್ನೇ ಮಾಡಿಕೊಂಡಿದ್ದೆ.

ಕುರುಹು ಮತ್ತು ಅರುಹು ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಕುರುಹನ್ನು ಹಿಡಿದು ಅರುಹಿಗೆ ಹೋಗಬೇಕೆಂದು ಬಾಲ್ಯದಿಂದ ಕೇಳುತ್ತ ಬಂದವರು ನಾವು. ಆದರೂ ಪರದೆಯ ಮೇಲಿನ ಕುರುಹಿನಲ್ಲಿಯೇ ನಿಂತುಬಿಟ್ಟೆವು. ಕಡತ ಇದೆಯೇ ಎಂದು ಒಮ್ಮೆಯೂ ಒತ್ತಿ ನೋಡಲಿಲ್ಲ.

ನಿಮ್ಮ ಮನೆಯಲ್ಲಿಯೂ ಹಿರಿಯರ ಭಾವಚಿತ್ರ, ಹೊಲದ ಪಹಣಿ, ಮದುವೆಯ ವಿಡಿಯೊ ಹೀಗೆ ಇರಿಸಿದ್ದರೆ ಇಂದೇ ಇಂಟರ್ನೆಟ್ ಸಂಪರ್ಕ ಕಡಿದು ಅವು ತೆರೆಯುತ್ತವೆಯೇ ನೋಡಿ. ತೆರೆಯದಿದ್ದರೆ ಸಂಪರ್ಕ ಕೊಟ್ಟು, ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸದಾ ಈ ಯಂತ್ರದಲ್ಲಿರಲಿ ಎಂಬ ಅರ್ಥದ ಸಾಲನ್ನು ಆರಿಸಿರಿ. ಜಾಗ ಬೇಕಾದಾಗ ಅಳಿಸುವ ಗುಂಡಿಯ ಗೊಡವೆ ಬೇಡ. ಜಾಗ ಬಿಡಿಸುವ ಸಾಲು ಬೇರೆಯೇ ಇದೆ. ಒಂದು ಪ್ರತಿಯನ್ನು ಕ್ಲೌಡಿಗೆ ಸೇರದ ಪೆನ್‌ಡ್ರೈವಿನಲ್ಲಿಟ್ಟು ಬೇರೆ ಮನೆಯಲ್ಲಿರಿಸಿ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತರಲು ಸಾಧ್ಯವಾದದ್ದು ಒಂದೇ ಕಟ್ಟನ್ನು ನೆಚ್ಚದೆ ಹಲವು ಮನೆಗಳಲ್ಲಿ ಪ್ರತಿ ಮಾಡಿ ಇಟ್ಟವರಿದ್ದುದರಿಂದ.

ಆ ಎರಡು ಕ್ಯಾಸೆಟ್ಟುಗಳನ್ನು ಎಸೆಯಿರೆಂದು ನಾನೇ ಹೇಳಿದ್ದೆ. ಅವ್ವ ಎಸೆದಿರಲಿಲ್ಲ, ಸೀರೆಯ ಮಡಿಕೆಯೊಳಗೆ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಹಳೆಯ ಟೇಪ್ ರೆಕಾರ್ಡರ್ ರಿಪೇರಿ ಬಲ್ಲ ಹಿರಿಯರೊಬ್ಬರು ಟೇಪಿನ ಸುರುಳಿಯನ್ನು ಮೆಲ್ಲನೆ ಬಿಡಿಸುತ್ತಿದ್ದಾರೆ. ಕಳೆದ ವಾರ ಒಂದು ಹಾಡು ಸಿಕ್ಕಿತು, ನಡುವೆ ಎರಡು ಸಾಲು ಅದುರಿದರೂ. ಇನ್ನೂ ಎರಡು ಸಿಗಬೇಕು.