ಎತ್ತು ಏರಿಗೆ, ಕೋಣ ನೀರಿಗೆ, ವಿಮಾನ ನೆಲಕ್ಕೆ

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಜಗಳ ಯಾರ ಜೊತೆ ಅಂದ್ರೆ, ದೊಡ್ಡ ದೊಡ್ಡ ರೇಡಿಯೋ ಕಂಟ್ರೋಲ್ ವಿಮಾನ ಹಾರಿಸುತ್ತಾ "ಡಿಜಿಟಲ್ ಸರ್ವೋ ಹಾಕಿದೀನಿ, ಮಿಕ್ಕಿದ್ದು ಪ್ರೋಗ್ರಾಮಿಂಗ್‌ನಲ್ಲಿ ಸರಿ ಮಾಡ್ಕೋತೀನಿ ಬಿಡಿ" ಅನ್ನೋ ಮಹಾನುಭಾವರ ಜೊತೆ. ಇವರಲ್ಲಿ ನಮ್ಮ ಸಾಫ್ಟ್‌ವೇರ್ ಬಳಗದವರೇ ಜಾಸ್ತಿ ಅನ್ನೋದು ನನ್ನ ಹೊಟ್ಟೆಯುರಿ. ಕೀಬೋರ್ಡಿನಿಂದ ಸರಿಹೋಗದ ವಸ್ತು ಈ ಪ್ರಪಂಚದಲ್ಲೇ ಇಲ್ಲ ಅಂತ ನಂಬಿರೋರು ನಾವು!

"ಆಟಿಕೆ ವಿಮಾನಕ್ಕೆ ಇಷ್ಟೊಂದು ರಾದ್ಧಾಂತ ಯಾಕೆ ಮಾರಾಯ" ಅಂತ ನೀವು ಕೇಳೋ ಮೊದಲು ಒಂದು ಸಣ್ಣ ಲೆಕ್ಕ. ಎಕ್ಸ್‌ಟ್ರಾ 330ಎಸ್‌ಸಿ ಅನ್ನೋ ನಿಜವಾದ ಸಾಹಸ ವಿಮಾನದ ರೆಕ್ಕೆ ಸುಮಾರು 7.5 ಮೀಟರ್. ಅದರ 40 ಪರ್ಸೆಂಟ್ ಮಾಡೆಲ್ ಮಾಡಿದ್ರೆ ರೆಕ್ಕೆ 3 ಮೀಟರ್ ಆಗುತ್ತೆ. ತೂಕ 17 ಕಿಲೋ ಅಂತಿಟ್ಕೊಳ್ಳಿ. ಅದು ಗಂಟೆಗೆ 108 ಕಿ.ಮೀ. ವೇಗದಲ್ಲಿ ಬಂದು ಬಡಿಯೋದೂ ಒಂದೇ, 17 ಕಿಲೋ ಗಟ್ಟಿ ವಸ್ತುವನ್ನ 46 ಮೀಟರ್ ಎತ್ತರದಿಂದ, ಅಂದ್ರೆ ಸುಮಾರು 15 ಅಂತಸ್ತಿನ ಕಟ್ಟಡದ ಮೇಲಿಂದ, ತಲೆ ಮೇಲೆ ಎತ್ತಿ ಹಾಕೋದೂ ಒಂದೇ. ಜೊತೆಗೆ ಮುಂದೆ ತಿರುಗ್ತಿರೋ ಪ್ರೊಪೆಲ್ಲರ್ ಬೇರೆ. ಇದನ್ನ ಆಟಿಕೆ ಅನ್ನೋಕೆ ನನಗಂತೂ ಧೈರ್ಯ ಸಾಲದು.

ಈಗ ಸರ್ವೋ ಅಂದ್ರೇನು ಅಂತ ನೋಡೋಣ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಒಳಗೊಂದು ಮೋಟರು, ಗೇರುಗಳು, ತೋಳು ಈಗ ಎಲ್ಲಿದೆ ಅಂತ ಹೇಳೋ ಒಂದು ಸೆನ್ಸರು, ಒಂದು ಸರ್ಕ್ಯೂಟು. ರಿಸೀವರ್‌ನಿಂದ ಬರೋ ಪಲ್ಸ್ 1500 ಮೈಕ್ರೋಸೆಕೆಂಡ್ ಅಗಲ ಇದ್ರೆ ತೋಳು ನಡುವೆ ನಿಲ್ಲುತ್ತೆ. 1000ಕ್ಕೆ ಒಂದು ಕಡೆ, 2000ಕ್ಕೆ ಇನ್ನೊಂದು ಕಡೆ. ಈ ತೋಳಿಂದ ಒಂದು ಕಡ್ಡಿ (ಪುಶ್‌ರಾಡ್) ಹೋಗಿ ರೆಕ್ಕೆಯ ಹಿಂಭಾಗದ ಐಲೆರಾನ್ ಹಲಗೆಯನ್ನ ಮೇಲೆ ಕೆಳಗೆ ಆಡಿಸುತ್ತೆ. ಇಷ್ಟೇ ವಿದ್ಯೆ.

ಹಳೇ ಅನಲಾಗ್ ಸರ್ವೋ ತನ್ನ ಮೋಟರಿಗೆ ಸೆಕೆಂಡಿಗೆ ಸುಮಾರು 50 ಸಲ ಕರೆಂಟ್ ತಳ್ಳುತ್ತೆ. ಗುರಿಯಿಂದ ಒಂಚೂರು ಆಚೀಚೆ ಆದ್ರೆ "ಹೋಗ್ಲಿ ಬಿಡು" ಅಂತ ಸುಮ್ಮನಿರುತ್ತೆ. ಡಿಜಿಟಲ್ ಸರ್ವೋ ಹಾಗಲ್ಲ. ಸೆಕೆಂಡಿಗೆ 300 ಸಲ, ಕೆಲವು ಅದಕ್ಕೂ ಹೆಚ್ಚು ಸಲ ತಳ್ಳುತ್ತೆ. ಅದರ ಡೆಡ್‌ಬ್ಯಾಂಡ್, ಅಂದ್ರೆ "ಇಷ್ಟು ತಪ್ಪಿದ್ರೆ ಪರವಾಗಿಲ್ಲ" ಅನ್ನೋ ಅಂತರ, ಬರೀ ಒಂದೆರಡು ಮೈಕ್ರೋಸೆಕೆಂಡ್. ತೋಳಿನ ಲೆಕ್ಕದಲ್ಲಿ 0.1 ಅಥವಾ 0.2 ಡಿಗ್ರಿ. ಅಷ್ಟು ಅಲ್ಲಾಡಿದ್ರೂ ಸಾಕು, ಪೂರ್ತಿ ಬಲ ಹಾಕಿ ವಾಪಸ್ ಎಳೆಯುತ್ತೆ. ಶಿಸ್ತಿನ ಸಿಪಾಯಿ. ಒಬ್ಬನೇ ಇದ್ದಾಗ ಇಂಥಾ ಸಿಪಾಯಿಗಿಂತ ಒಳ್ಳೆಯವನಿಲ್ಲ.

ತೊಂದರೆ ಶುರುವಾಗೋದು ಇಬ್ಬರಾದಾಗ. ವಿಮಾನದ ಅಳತೆ ಎರಡರಷ್ಟು ಮಾಡಿದ್ರೆ ಅದೇ ವೇಗದಲ್ಲಿ ಹಲಗೆಯನ್ನ ತಿರುಗಿಸೋಕೆ ಬೇಕಾದ ಬಲ ಎಂಟರಷ್ಟಾಗುತ್ತೆ (ವಿಸ್ತೀರ್ಣ ನಾಲ್ಕರಷ್ಟು, ಅಗಲ ಎರಡರಷ್ಟು). ಒಂದು ಸರ್ವೋ ಸಾಲಲ್ಲ. ಹಾಗಾಗಿ ದೊಡ್ಡ ಮಾಡೆಲ್‌ಗಳಲ್ಲಿ ಒಂದೊಂದು ಐಲೆರಾನ್‌ಗೆ ಎರಡು ಸರ್ವೋ, ಕೆಲವೊಮ್ಮೆ ಮೂರು. ರಡ್ಡರಿಗೂ ಹಾಗೇ. ಎಲ್ಲಾ ಒಂದೇ ಹಲಗೆಗೆ ಕಟ್ಟಿದ ಎತ್ತುಗಳು. ಎರಡೂ ಒಂದೇ ಕಡೆ ಎಳೆದ್ರೆ ಸರಿ. ಎತ್ತು ಏರಿಗೆ ಕೋಣ ನೀರಿಗೆ ಅಂದ್ರೆ ನಡುವೆ ನೊಗ ಮುರಿಯುತ್ತೆ.

30 ಕೆಜಿ-ಸೆಂ.ಮೀ. ಬಲದ ಸರ್ವೋಗೆ 25 ಮಿ.ಮೀ. ಉದ್ದದ ತೋಳು ಹಾಕಿದ್ರೆ ಕಡ್ಡಿಯ ಮೇಲೆ 12 ಕಿಲೋ ಎಳೆತ. ಎರಡು ಸರ್ವೋ ಜಗಳಕ್ಕೆ ನಿಂತ್ರೆ ನಡುವೆ ಸಿಕ್ಕ ಬಾಲ್ಸಾ ಹಲಗೆ, ಹಿಂಜುಗಳು ಆ ಎಳೆದಾಟ ತಿನ್ನಬೇಕು. ವಿಮಾನ ಮೇಜಿನ ಮೇಲೆ ಸುಮ್ಮನೆ ನಿಂತಿದ್ರೂ ಬ್ಯಾಟರಿ ಖಾಲಿಯಾಗ್ತಾ ಇರುತ್ತೆ. ಸರ್ವೋ ಬಿಸಿಯಾಗುತ್ತೆ, ಗೇರು ಸವೆಯುತ್ತೆ. ಆಕಾಶದಲ್ಲಿ ಎಲ್ಲಾ ಸರ್ವೋ ಒಟ್ಟಿಗೆ ಕೆಲಸ ಮಾಡೋ ಹೊತ್ತಿಗೆ ವೋಲ್ಟೇಜ್ ಕುಸಿದು ರಿಸೀವರ್ ರೀಸ್ಟಾರ್ಟ್ ಆದ್ರೆ... ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ನಾವು ಕಾಫಿ ಕುಡಿದು ಬರ್ತೀವಿ. ವಿಮಾನ ಅಷ್ಟು ಹೊತ್ತು ಕಾಯಲ್ಲ.

ಇಲ್ಲಿಗೆ ನಮ್ಮ ಮಹಾನುಭಾವರು ಬರ್ತಾರೆ. "ಅದಕ್ಕೇ ಅಲ್ವೇನ್ರೀ ಪ್ರೋಗ್ರಾಮಿಂಗ್ ಇರೋದು? ಸೆಂಟರ್ ಮ್ಯಾಚ್ ಮಾಡಿ, ಎರಡು ತುದಿ ಮ್ಯಾಚ್ ಮಾಡಿ, ಮುಗೀತು!"

ಮುಗಿಯಲ್ಲ ಸ್ವಾಮಿ. ಲೆಕ್ಕ ಹಾಕೋಣ ಬನ್ನಿ. ಎರಡೂ ಸರ್ವೋಗೆ 25 ಮಿ.ಮೀ. ತೋಳು. ಮೊದಲನೆಯದು ಕಡ್ಡಿಗೆ ಸರಿಯಾಗಿ 90 ಡಿಗ್ರಿಯಲ್ಲಿದೆ. ಎರಡನೆಯದು 15 ಡಿಗ್ರಿ ವಾಲಿದೆ, ಕಡ್ಡಿಯ ಉದ್ದ ಹೆಚ್ಚುಕಮ್ಮಿ ಮಾಡಿ ಸೆಂಟರ್ ಕೂರಿಸಿದಾರೆ. ಮೊದಲನೆಯದು 40 ಡಿಗ್ರಿ ತಿರುಗಿದ್ರೆ ಕಡ್ಡಿ 16 ಮಿ.ಮೀ. ಸರಿಯುತ್ತೆ. ಅಷ್ಟೇ ಸರಿಯೋಕೆ ಎರಡನೆಯದು ವಾಲಿದ ಕಡೆಗೆ 49 ಡಿಗ್ರಿ ತಿರುಗಬೇಕು. ಸರಿ, ಪ್ರೋಗ್ರಾಮ್ ಮಾಡಿದ್ವಿ. ಸೆಂಟರ್ ಹೊಂದಿತು, ತುದಿಯೂ ಹೊಂದಿತು. ಈಗ ಸ್ಟಿಕ್ಕನ್ನ ಅರ್ಧಕ್ಕೆ ತನ್ನಿ. ಮೊದಲನೆಯದು 8.55 ಮಿ.ಮೀ. ತಳ್ಳುತ್ತೆ, ಎರಡನೆಯದು 9.5 ಮಿ.ಮೀ. ಹೆಚ್ಚುಕಮ್ಮಿ 1 ಮಿ.ಮೀ. ವ್ಯತ್ಯಾಸ! ತೋಳಿನ ಲೆಕ್ಕದಲ್ಲಿ ಎರಡು ಡಿಗ್ರಿಗಿಂತ ಜಾಸ್ತಿ, ಡೆಡ್‌ಬ್ಯಾಂಡಿನ ಹತ್ತು ಪಟ್ಟಿಗೂ ಮೀರಿದ್ದು. ಮೇಜಿನ ಮೇಲೆ ಪರೀಕ್ಷೆ ಮಾಡೋ ಮೂರೂ ಜಾಗದಲ್ಲಿ ಪಾಸ್. ಆಕಾಶದಲ್ಲಿ ಹೆಚ್ಚು ಹೊತ್ತು ಬಳಸೋ ನಡುವಿನ ಜಾಗದಲ್ಲೇ ಫೇಲ್. ಟೆಸ್ಟ್ ಕೇಸಿಗೆ ಮಾತ್ರ ಪಾಸಾಗೋ ಹಾಗೆ ಕೋಡ್ ಬರೆಯೋರು ನಿಮ್ಮ ಆಫೀಸಲ್ಲೂ ಇರಬೇಕಲ್ಲ, ಅದೇ ಕಥೆ.

"ಈಗಿನ ಟ್ರಾನ್ಸ್‌ಮಿಟರಲ್ಲಿ ಐದು, ಏಳು ಬಿಂದುಗಳ ಕರ್ವ್ ಇದೆ, ನಡುವೆಯೂ ಹೊಂದಿಸಬಹುದು" ಅಂತ ಇನ್ನೊಬ್ಬರು. ಹೌದು, ಜಾಗ ಹೊಂದಿಸಬಹುದು. ಆದ್ರೆ ಒಂದು ತೋಳು 20 ಡಿಗ್ರಿಯಲ್ಲಿ, ಇನ್ನೊಂದು 40ರ ಹತ್ತಿರ ನಿಂತಿದ್ರೆ ಎರಡರ ಮೀಟುಬಲ ಬೇರೆ ಬೇರೆ. ಹೊರೆ ಸಮನಾಗಿ ಹಂಚಿಕೆ ಆಗಲ್ಲ. ನಾಳೆ ಒಂದು ಸರ್ವೋ ಬದಲಾಯಿಸಿದ್ರೆ ಏಳೂ ಬಿಂದು ಮತ್ತೆ ಮೊದಲಿಂದ. ಇದು ಸರಿಮಾಡೋದಲ್ಲ, ತೇಪೆ ಹಾಕೋದು.

ಇದಕ್ಕಿಂತ ಅಪಾಯದ ಬುದ್ಧಿವಂತಿಕೆ ಇನ್ನೊಂದಿದೆ. ಸರ್ವೋ ಗುಂಯ್ ಅಂತ ಕೂಗ್ತಿದೆಯಾ? ಪ್ರೋಗ್ರಾಮರ್ ತಗೊಂಡು ಡೆಡ್‌ಬ್ಯಾಂಡ್ ಹಿಗ್ಗಿಸಿಬಿಡೋದು! ಸದ್ದು ನಿಂತಿತು, ಜಗಳ ನಿಂತಿತು ಅಂತ ಖುಷಿ. ಅಲ್ಲ ಮಾರಾಯ್ರೆ, ಎಕ್ಸೆಪ್ಶನ್ ಬಂದಾಗ ಕ್ಯಾಚ್ ಬ್ಲಾಕ್ ಖಾಲಿ ಬಿಡೋ ಹುಡುಗನಿಗೆ ಕೋಡ್ ರಿವ್ಯೂನಲ್ಲಿ ಸಹಸ್ರನಾಮ ಓದ್ತೀವಿ, ಇಲ್ಲಿ ನಾವೇ ಅದನ್ನ ಮಾಡ್ತೀವಲ್ಲ? ಹಿಗ್ಗಿದ ಡೆಡ್‌ಬ್ಯಾಂಡ್ ಅಂದ್ರೆ ಹಲಗೆಗೆ ಅಲ್ಲಾಡೋಕೆ ಸಿಕ್ಕ ಜಾಗ. ವೇಗದಲ್ಲಿ ಹಲಗೆ ಸಡಿಲ ಇದ್ರೆ ಫ್ಲಟರ್ ಹುಟ್ಟುತ್ತೆ, ಅಂದ್ರೆ ಗಾಳಿಯ ಹೊಡೆತಕ್ಕೆ ಹಲಗೆ ಪಟಪಟ ಬಡಿದುಕೊಂಡು ಕಿತ್ತೇ ಬರಬಹುದು. ಕೆಲವು ಸರ್ವೋಗಳಲ್ಲಿ ಓವರ್‌ಲೋಡ್ ಪ್ರೊಟೆಕ್ಷನ್ ಅಂತಿದೆ. ಅದನ್ನ ಆನ್ ಮಾಡಿದ್ರೆ ತೋಳು ಸಿಕ್ಕಿಕೊಂಡಾಗ ಸರ್ವೋ ತಾನೇ ಬಲ ಕಮ್ಮಿ ಮಾಡ್ಕೊಳ್ಳುತ್ತೆ. ಸರ್ವೋ ಉಳಿಯುತ್ತೆ, ಸರಿ. ಆದ್ರೆ ಬಲ ಬೇಕಾಗಿದ್ದ ಕ್ಷಣಕ್ಕೇ ಅದು ಕೈಕೊಟ್ರೆ ಉಳಿದ ಸರ್ವೋ ಇಟ್ಕೊಂಡು ಏನು ಮಾಡ್ತೀರಿ?

ಹಾಗಾದ್ರೆ ಪ್ರೋಗ್ರಾಮಿಂಗೇ ಬೇಡ್ವಾ? ಬೇಕು. ಕೊನೆಗೆ ಬೇಕು. ಯಾಕೆ ಅಂತ ಹಲ್ಲುಗಳ ಲೆಕ್ಕ ನೋಡಿದ್ರೆ ಗೊತ್ತಾಗುತ್ತೆ. ತೋಳು ಕೂರೋ ಹಲ್ಲುಚಕ್ರದಲ್ಲಿ ಹೈಟೆಕ್ ಸರ್ವೋಗೆ ಸಾಮಾನ್ಯವಾಗಿ 24 ಹಲ್ಲು, ಫುಟಾಬಾಗೆ 25. ಅಂದ್ರೆ ಒಂದು ಹಲ್ಲು ಸರಿಸಿದ್ರೆ 15 ಡಿಗ್ರಿ ಅಥವಾ 14.4 ಡಿಗ್ರಿ. 25 ಹಲ್ಲಿಗೆ ನಾಲ್ಕು ತೋಳಿನ ನಕ್ಷತ್ರ ಹಾಕಿದ್ರೆ ಒಂದೊಂದು ತೋಳೂ 3.6 ಡಿಗ್ರಿ ಬೇರೆ ಬೇರೆ ಕಡೆ ಕೂರುತ್ತೆ, ನಾಲ್ಕರಲ್ಲಿ ಸರಿಹೊಂದೋದನ್ನ ಆರಿಸಿ ಮಿಕ್ಕಿದ್ದು ಕತ್ತರಿಸಬಹುದು. 24 ಹಲ್ಲಿಗೆ ಆ ಸೌಲಭ್ಯವೂ ಇಲ್ಲ, 24 ನಾಲ್ಕರಿಂದ ಭಾಗ ಹೋಗೋದ್ರಿಂದ ನಾಲ್ಕೂ ತೋಳು ಒಂದೇ ತರ ಕೂರುತ್ತೆ. ಎಷ್ಟೇ ಹಲ್ಲು ಸರಿಸಿದ್ರೂ ಉಳಿಯೋ ಆ ನಾಲ್ಕಾರು ಡಿಗ್ರಿಯಲ್ಲಿ ತೋಳನ್ನ ತಿರುಗಿಸಿ ನೆಟ್ಟಗೆ ನಿಲ್ಲಿಸೋಕೆ ಪ್ರೋಗ್ರಾಮರ್ ಬೇಕೇ ಬೇಕು. ಜೆಆರ್ ಕಂಪನಿಯ ಮ್ಯಾಚ್‌ಬಾಕ್ಸ್ ಅನ್ನೋ ಪುಟ್ಟ ಡಬ್ಬಿ ಒಂದು ಕಾಲದಲ್ಲಿ ಹೆಸರು ಮಾಡಿದ್ದೂ ಇದಕ್ಕೇ. ಒಂದು ಚಾನೆಲ್‌ನಲ್ಲಿ ನಾಲ್ಕು ಸರ್ವೋ, ಪ್ರತಿಯೊಂದಕ್ಕೂ ಬೇರೆ ಸೆಂಟರ್, ಬೇರೆ ತುದಿ. ಒಳ್ಳೆ ಸಾಧನ. ಆದ್ರೆ ವಾಲಿದ ತೋಳನ್ನ ಹಾಗೇ ಬಿಟ್ಟು ಅದರ ಮೇಲೆ ಲೆಕ್ಕ ಹೊಂದಿಸೋದಕ್ಕಲ್ಲ.

ಕ್ರಮ ಇಷ್ಟೇ. ತೋಳುಗಳ ಉದ್ದ ಒಂದೇ ಇರಲಿ. ಹಲಗೆಯ ಮೇಲಿನ ಹಾರ್ನ್‌ಗಳ ಎತ್ತರ ಒಂದೇ ಇರಲಿ, ತೂತು ಹಿಂಜಿನ ಗೆರೆಗೆ ನೇರ ಇರಲಿ. ಸೆಂಟರಿನಲ್ಲಿ ತೋಳು ಕಡ್ಡಿಗೆ 90 ಡಿಗ್ರಿ ಇರಲಿ. ಮೊದಲ ಸರ್ವೋ ಮಾತ್ರ ಜೋಡಿಸಿ, ಎರಡನೆಯ ಕಡ್ಡಿಯನ್ನ ಬಿಚ್ಚಿಟ್ಟು ಅದರ ತೂತಿನ ಮುಂದೆ ಹಿಡೀರಿ. ಸೆಂಟರ್, ಅರ್ಧ, ಪೂರ್ತಿ, ಎರಡೂ ಕಡೆ, ಪ್ರತಿಯೊಂದು ಜಾಗದಲ್ಲೂ ಬೋಲ್ಟು ತಾನಾಗೇ ಜಾರಿ ಒಳಗೆ ಬೀಳಬೇಕು. ಹೆಬ್ಬೆರಳಿಂದ ಒತ್ತಬೇಕಾಯ್ತು ಅಂದ್ರೆ ಅಷ್ಟು ಜಗಳ ಅಲ್ಲಿದೆ ಅಂತ. ಬೀಳದಿದ್ರೆ ಮೊದಲು ಸ್ಪ್ಯಾನರ್, ಆಮೇಲೆ ಪ್ರೋಗ್ರಾಮರ್. ಕೊನೆಗೆ ಸರ್ವೋ ತಂತಿಗೆ ಆಮೀಟರ್ ಹಾಕಿ. ಕಡ್ಡಿ ಬಿಚ್ಚಿದಾಗ ಇದ್ದ ಕರೆಂಟು, ಜೋಡಿಸಿದಾಗಲೂ ಹೆಚ್ಚುಕಮ್ಮಿ ಅಷ್ಟೇ ಇರಬೇಕು. ಮೀಟರ್ ಮುಲಾಜು ನೋಡಲ್ಲ.

"ಎರಡು ವರ್ಷದಿಂದ ಹೀಗೇ ಹಾರಿಸ್ತಿದೀನಿ, ಏನೂ ಆಗಿಲ್ಲ" ಅನ್ನೋ ವಾದ ಮಾತ್ರ ನನ್ನ ಹತ್ರ ತರಬೇಡಿ. ಸವೆದ ಗೇರು, ಸುಡೋಕೆ ತಯಾರಾದ ಮೋಟರು ನಿಮಗೆ ಇಮೇಲ್ ಕಳಿಸಲ್ಲ. ಬೆಲೆ ಕಟ್ಟೋದು ನೀವೊಬ್ಬರೇ ಆಗಿದ್ರೆ ನಾನು ಬಾಯಿ ಮುಚ್ಚಿಕೊಂಡಿರ್ತಿದ್ದೆ. ಮೈದಾನದಲ್ಲಿ ಬೇರೆಯವರೂ ನಿಂತಿರ್ತಾರೆ, ಅವರ ಮಕ್ಕಳೂ ಇರ್ತಾರೆ.

ನಮ್ಮ ಊರಿನ ಇಂಜಿನಿಯರಿಂಗ್ ಕಾಲೇಜು ಹುಡುಗರಿಗೂ ಇದು ಸೇರಿದ ಮಾತು. 2021ರ ಡ್ರೋನ್ ನಿಯಮಗಳಲ್ಲಿ ಕಲಿಕೆಗೆ, ಹವ್ಯಾಸಕ್ಕೆ ಕಣ್ಣಳತೆಯಲ್ಲಿ ಹಾರಿಸೋ ಮಾಡೆಲ್‌ಗಳಿಗೆ 25 ಕಿಲೋ ಮಿತಿ ಅಂತಿದೆ. ಕಾನೂನು ತೂಕ ನೋಡುತ್ತೆ. ಐಲೆರಾನ್ ಹಿಂದೆ ಎರಡು ಸರ್ವೋ ಗುದ್ದಾಡ್ತಿವೆಯಾ ಅಂತ ನೋಡೋಕೆ ಯಾವ ಇನ್ಸ್‌ಪೆಕ್ಟರೂ ಬರಲ್ಲ. ಅದನ್ನ ನೋಡಬೇಕಾದೋರು ಕಟ್ಟಿದೋರೇ.

ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ, ಬರುವಾಗ ಒಂದು ಆಮೀಟರ್ ತನ್ನಿ. ನಾವು ನಾವು ಜಗಳ ಆಡಿದ್ರೆ ಯಾವ ವಿಮಾನವೂ ಬೀಳಲ್ಲ :)